ಕುಂಬಳೆಯಲ್ಲಿ ಸಿಕ್ಕಿದ ಆ ಯುವಕರಿಗೆ

ಕುಂಬಳೆಯ ಕಂಪ್ಯೂಟರ್ ಅಂಗಡಿಯಲ್ಲಿ ಮೊನ್ನೆ ನನಗೆ ನೆರವಾಗಿ, ಹೆಸರೂ ಹೇಳದೆ ಮಂಗಳೂರು ಬಸ್ಸು ಹತ್ತಿದವರೇ, ನಿಮಗೆ ಮನಸಾರೆ ಧನ್ಯವಾದ.

ನನ್ನ ಹಳೆಯ ಕಂಪ್ಯೂಟರಿನಲ್ಲಿ, ಮೇಲ್ ಓದುವ ಥಂಡರ್‌ಬರ್ಡ್ ಎಂಬ ತಂತ್ರಾಂಶದೊಳಗೆ ಇದ್ದದ್ದು ಬರೇ ಮೇಲ್ ಅಲ್ಲ. ಶಾಲೆ ಬಿಟ್ಟು ಊರೂರಿಗೆ ಹೋದ ಮಕ್ಕಳ ಪತ್ರಗಳು, ತಾಳಮದ್ದಳೆ ಕೂಟಗಳ ಕರೆಯೋಲೆ, ಈಗ ನಮ್ಮೊಡನಿಲ್ಲದ ಗೆಳೆಯರ ಮಾತು. ನನ್ನದು ಪಿಒಪಿ ಖಾತೆ, ಅಂದರೆ ಮೇಲನ್ನು ಸರ್ವರಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯದು; ಇಳಿಸಿಕೊಂಡ ಮೇಲೆ ಸರ್ವರಿನಲ್ಲಿ ಪ್ರತಿ ಉಳಿದಿರಲಿಲ್ಲ. ಹೊಸ ಕಂಪ್ಯೂಟರಿಗೆ ಪಾಸ್‌ವರ್ಡ್ ಕೊಟ್ಟರೆ ಎಲ್ಲ ತಾನಾಗಿ ಬರುತ್ತದೆಂದು ಅಂಗಡಿಯಲ್ಲಿ ಹೇಳುತ್ತಿದ್ದರು. ಆಗ ನೀವು, "ಮಾಷ್ಟ್ರೇ, ಹಳೇದನ್ನು ಈಗಲೇ ಫಾರ್ಮ್ಯಾಟ್ ಮಾಡ್ಲಿಕ್ಕೆ ಬಿಡ್ಬೇಡಿ" ಎಂದಿರಿ.

ಸಹಾಯ ಮೆನುವಿನಿಂದ ಪ್ರೊಫೈಲ್ ಫೋಲ್ಡರ್ ತೆರೆದು ತೋರಿಸಿ, ಥಂಡರ್‌ಬರ್ಡ್ ಮುಚ್ಚಿ, ಇಡೀ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿದಿರಿ. ಮೇಲ್, ವಿಳಾಸ ಪುಸ್ತಕ, ಫಿಲ್ಟರು, ಸಹಿ ಎಲ್ಲ ಅದರೊಳಗೇ. ಕೀ4.ಡಿಬಿ, ಲಾಗಿನ್ಸ್.ಜೇಸನ್ ಎಂಬ ಎರಡು ಫೈಲುಗಳ ಮೇಲೆ ಬೆರಳಿಟ್ಟು, "ಇವು ಜತೆಗೇ ಹೋಗ್ಬೇಕು, ಒಂದು ತಪ್ಪಿದ್ರೂ ಉಳಿಸಿಟ್ಟ ಪಾಸ್‌ವರ್ಡ್ ಸಿಕ್ಕುದಿಲ್ಲ" ಎಂದದ್ದು ಇನ್ನೂ ಕಿವಿಯಲ್ಲಿದೆ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯದು ಸಾಮಾನ್ಯವಾಗಿ ತೆರೆಯುವುದಿಲ್ಲ, ಹಾಗಾಗಿ ಮುಟ್ಟದ ಪ್ರತಿಯೊಂದು ಬೇರೆ ಇರಲಿ ಎಂದೂ ಹೇಳಿದಿರಿ. ಇಷ್ಟು ತಾಳ್ಮೆಯಿಂದ ಕಲಿಸುವವರು ಅಪರೂಪ. ಪಾಠ ಮಾಡಿ ಬಾಳಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಹೊಸ ಕಂಪ್ಯೂಟರಿಗೆ ಎಲ್ಲ ಪತ್ರಗಳೂ ಬಂದಿವೆ. ನಿಮ್ಮ ಪೆನ್‌ಡ್ರೈವ್ ಅದೇ ಅಂಗಡಿಯಲ್ಲಿ ಕೊಟ್ಟಿಟ್ಟಿದ್ದೇನೆ, ಈ ಕಡೆ ಬಂದಾಗ ತೆಗೆದುಕೊಳ್ಳಿ. ಮನೆಗೂ ಬನ್ನಿ, ಊಟ ಮಾಡಿಯೇ ಹೋಗಬೇಕು.