ಅರಮನೆಯ ಕಾರಂಜಿ: ಮೊದಲು ತೊಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಅರಮನೆಗಳ ಉದ್ಯಾನ ನೋಡಿ ಬಂದವರ ದೂರುಗಳಲ್ಲಿ ‘ಕಾರಂಜಿ ನಿಂತಿತ್ತು’ ಎಂಬುದು ಇದ್ದೇ ಇರುತ್ತದೆ. ಹಣ ಕೊಟ್ಟು ಒಳಗೆ ಹೋದವರ ಬೇಸರ ಸಹಜವೇ. ಆದರೆ ಈ ದೂರಿಗೆ ಉತ್ತರವೆಂಬಂತೆ ಒಂದು ವಿದ್ಯುತ್ ಪಂಪು ಕೂರಿಸಿ, ನೀರು ಚಿಮ್ಮುವ ಹಳೆಯ ಮೂತಿ ಕಿತ್ತು ಹೊಸದು ಹಾಕಿ, ಸುತ್ತ ಬಣ್ಣದ ದೀಪ ಬಿಟ್ಟು ‘ಜೀರ್ಣೋದ್ಧಾರವಾಯಿತು’ ಎನ್ನುವ ಪರಿಪಾಠವನ್ನು ನಾನು ಒಪ್ಪಲಾರೆ.

ಪಂಪುಗಳಿಲ್ಲದ ಕಾಲದಲ್ಲಿ ಕಾರಂಜಿ ಚಿಮ್ಮಬೇಕಾದರೆ ನೀರನ್ನು ಮೊದಲು ಎತ್ತರದಲ್ಲಿ ಹಿಡಿದಿಡಬೇಕಿತ್ತು. ತೊಟ್ಟಿಯಲ್ಲಿ ನೀರಿನ ಮಟ್ಟ ಎಲ್ಲಿದೆಯೋ ಅದಕ್ಕಿಂತ ಮೇಲಕ್ಕೆ ಧಾರೆ ಏರದು. ಕೊಳವೆಯ ಒಳಮೈಗೆ ಉಜ್ಜಿ, ಗಾಳಿಗೆ ಚದುರಿ, ಅಷ್ಟೆತ್ತರವನ್ನೂ ಅದು ಮುಟ್ಟುವುದಿಲ್ಲ. ಆದ್ದರಿಂದ ನಾವು ನಿಂತು ಮೆಚ್ಚುವ ಅಮೃತಶಿಲೆಯ ಬಟ್ಟಲು ಒಂದು ದೊಡ್ಡ ಏರ್ಪಾಟಿನ ಕೊನೆಯ ತುದಿ ಮಾತ್ರವಾಗಿದ್ದು, ಅದರ ಜೀವವೆಲ್ಲ ಯಾರೂ ಹೋಗಿ ನೋಡದ ತೊಟ್ಟಿಯಲ್ಲಿ, ಕಾಲುವೆಯಲ್ಲಿ, ನೆಲದಡಿಯ ಕೊಳವೆಗಳಲ್ಲಿ ಇರುತ್ತದೆ.

ರಷ್ಯಾದ ಪೀಟರ್‌ಹೋಫ್ ಇದಕ್ಕೆ ಒಳ್ಳೆಯ ಸಾಕ್ಷಿ. ದೊರೆ ಮೊದಲನೆಯ ಪೀಟರನ ಕಾಲದಲ್ಲಿ, 1720ರ ದಶಕದ ಆರಂಭದಲ್ಲಿ, ರೋಪ್ಶಾ ದಿಬ್ಬಗಳ ಚಿಲುಮೆಗಳಿಂದ 20 ಕಿಲೋಮೀಟರಿಗೂ ಹೆಚ್ಚು ದೂರ ಕಾಲುವೆ ತೋಡಿ ನೀರು ತಂದರು. ಇಂದಿಗೂ ಅಲ್ಲಿನ ಕಾರಂಜಿಗಳು ಇಳಿಜಾರಿನ ಬಲದಿಂದಲೇ ಚಿಮ್ಮುತ್ತವೆ. ಸಿಂಹದ ಬಾಯಿ ಸೀಳುವ ಸ್ಯಾಮ್ಸನ್ನನ ಪ್ರತಿಮೆಯಲ್ಲಿ ಧಾರೆ ಸುಮಾರು 20 ಮೀಟರ್ ಏರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆ ಪ್ರತಿಮೆ ಲೂಟಿಯಾಗಿ, 1947ರಲ್ಲಿ ಹೊಸದನ್ನು ಮಾಡಿ ನಿಲ್ಲಿಸಿದರು. ಕಳೆದುಹೋದ ಪ್ರತಿಮೆಯನ್ನು ಹೀಗೆ ಮತ್ತೆ ಮಾಡಬಹುದು. ಕಾಲುವೆಯ ದಾರಿಯೇ ಮುಚ್ಚಿಹೋಗಿದ್ದರೆ ಹೊಸ ಸ್ಯಾಮ್ಸನ್ ಒಣಗಿ ನಿಂತಿರುತ್ತಿದ್ದ.

ಲಾಹೋರಿನ ಶಾಲಿಮಾರ್ ಉದ್ಯಾನದಲ್ಲಿ ಆಗಿದ್ದು ಇದೇ ಬಗೆಯ ಅನಾಹುತ. 1641ರಲ್ಲಿ ಷಹಜಹಾನನ ಕಾಲದಲ್ಲಿ ಕೆಲಸ ಆರಂಭವಾದ ಈ ಉದ್ಯಾನ ಮೂರು ಹಂತಗಳಾಗಿ ಇಳಿಯುತ್ತದೆ, 410 ಕಾರಂಜಿಗಳಿವೆ. 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ ಮೇಲೂ, 1999ರಲ್ಲಿ ಪಕ್ಕದ ರಸ್ತೆಯ ಅಗಲೀಕರಣಕ್ಕಾಗಿ ಈ ಕಾರಂಜಿಗಳಿಗೆ ನೀರುಣಿಸಲು ಕಟ್ಟಿದ್ದ ಹಳೆಯ ತೊಟ್ಟಿಗಳನ್ನು ಬಹುಪಾಲು ಕೆಡವಲಾಯಿತು. ಮರುವರ್ಷ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು, ಹೊರಬಂದದ್ದು 2012ರಲ್ಲಿ. ಗೋಡೆಯ ಹೊರಗಿರುವ ಹಳೆಯ ಇಟ್ಟಿಗೆಯ ಕಟ್ಟಡವೊಂದು ರಸ್ತೆ ಅಳೆಯುವವರ ಕಣ್ಣಿಗೆ ಉದ್ಯಾನದ ಭಾಗವೆಂದು ಕಾಣುವುದೇ ಇಲ್ಲ.

ಬಣ್ಣದ ದೀಪಗಳನ್ನು ಬಯಸುವವರು ರಾಜಸ್ಥಾನದ ಡೀಗ್ ಅರಮನೆಯನ್ನೊಮ್ಮೆ ನೋಡಬೇಕು. ಅಲ್ಲಿ ನೀರಿನ ದೊಡ್ಡ ತೊಟ್ಟಿಯಿರುವುದು ಕಟ್ಟಡದ ಮೇಲೆ. ಅದರ ಗೋಡೆಯುದ್ದಕ್ಕೂ ರಂಧ್ರಗಳಿದ್ದು, ಅವುಗಳಿಂದ ಹೊರಟ ಕೊಳವೆಗಳು ಕೆಳಗಿನ ನೂರಾರು ಕಾರಂಜಿಗಳನ್ನು ತಲುಪುತ್ತವೆ. ಹಬ್ಬದ ದಿನಗಳಲ್ಲಿ ಬಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟುಗಳನ್ನು ಆ ರಂಧ್ರಗಳಲ್ಲಿ ಇಟ್ಟರೆ ಬಣ್ಣಬಣ್ಣದ ನೀರೇ ಚಿಮ್ಮುತ್ತದೆ. ಇಷ್ಟು ಜಾಣತನದ ಏರ್ಪಾಟಿಗೆ ನಾವು ಹಚ್ಚುವ ದೀಪ ಏನು ಸೇರಿಸೀತು?

ಇನ್ನು, ಕಾರಂಜಿ ಬೆಳಗಿನಿಂದ ಸಂಜೆಯವರೆಗೆ ಚಿಮ್ಮುತ್ತಲೇ ಇರಬೇಕೆಂಬ ನಿರೀಕ್ಷೆ. ಇದು ರಾಜರ ಕಾಲಕ್ಕೂ ಒಪ್ಪುವ ಮಾತಲ್ಲ. ಫ್ರಾನ್ಸಿನ ವರ್ಸೈಲ್ಸ್ ಅರಮನೆಗೆ ನೀರೊದಗಿಸಲು ಹದಿನಾಲ್ಕನೆಯ ಲೂಯಿ ಸೀನ್ ನದಿಯ ದಂಡೆಯ ಮಾರ್ಲಿಯಲ್ಲಿ 14 ಬೃಹತ್ ಚಕ್ರಗಳ ಯಂತ್ರ ಕಟ್ಟಿಸಿದ. 1684ರಲ್ಲಿ ಅದು ಸಿದ್ಧವಾದರೂ ನೀರು ಸಾಲಲಿಲ್ಲ. ಹೀಗಾಗಿ ಕಾರಂಜಿ ನೋಡಿಕೊಳ್ಳುವ ಆಳುಗಳು, ದೊರೆ ಸಮೀಪಿಸಿದಾಗ ಒಬ್ಬರಿಗೊಬ್ಬರು ಸೀಟಿ ಹೊಡೆದು ತಿಳಿಸಿ ನೀರು ಬಿಡುತ್ತಿದ್ದರು, ಅವನು ಮುಂದೆ ಸಾಗಿದೊಡನೆ ನಿಲ್ಲಿಸುತ್ತಿದ್ದರು. ಇಂದಿನ ಜರ್ಮನಿಯಲ್ಲಿದ್ದ ಪ್ರಶ್ಯ ರಾಜ್ಯದ ದೊರೆ ಎರಡನೆಯ ಫ್ರೆಡ್ರಿಕನ ಪಾಡು ಇನ್ನೂ ವಿಚಿತ್ರ: ತನ್ನ ಸಾನ್ಸೂಸಿ ಅರಮನೆಯ ಉದ್ಯಾನದ ದೊಡ್ಡ ಕಾರಂಜಿ ನೆಟ್ಟಗೆ ಚಿಮ್ಮುವುದನ್ನು ನೋಡದೆಯೇ 1786ರಲ್ಲಿ ತೀರಿಕೊಂಡ. ಅದು ಸರಿಯಾಗಿ ಚಿಮ್ಮಿದ್ದು ಉಗಿಯಂತ್ರ ಬಂದ ಮೇಲೆ, 1842ರಲ್ಲಿ. ಚಕ್ರವರ್ತಿಗಳೇ ನೀರಿಗಾಗಿ ಕಾದಿದ್ದಾರೆ. ನಾವು ಅರ್ಧ ಗಂಟೆ ಕಾದರೆ ಘನತೆಗೇನೂ ಕುಂದಿಲ್ಲ. ವರ್ಸೈಲ್ಸಿನಲ್ಲಿ ಇಂದಿಗೂ ಕಾರಂಜಿಗಳ ಪೂರ್ಣ ಪ್ರದರ್ಶನ ಗೊತ್ತಾದ ದಿನಗಳಲ್ಲಷ್ಟೇ ಇರುತ್ತದೆ.

ನಾನು ಪಂಪುಗಳ ವಿರೋಧಿಯಲ್ಲ. ಬಳಸಿದ ನೀರನ್ನು ಮತ್ತೆ ಮೇಲಿನ ತೊಟ್ಟಿಗೆ ಏರಿಸಲು ಪಂಪು ಬೇಕೇಬೇಕು, ಅದರಿಂದ ನೀರೂ ಉಳಿಯುತ್ತದೆ. ಆದರೆ ಅದರ ರಭಸವನ್ನು ನೇರವಾಗಿ ಹಳೆಯ ಮಣ್ಣಿನ ಕೊಳವೆಗಳಿಗೆ ಬಿಟ್ಟರೆ, ಕಡಿಮೆ ಒತ್ತಡಕ್ಕೆಂದು ಕೂಡಿಸಿದ ಬೆಸುಗೆಗಳು ಬಿಟ್ಟುಕೊಂಡು ನೀರು ಅಡಿಪಾಯಕ್ಕೆ ಇಳಿಯುತ್ತದೆ, ಮತ್ತು ಆ ಹಾನಿ ಹೊರಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಆದ್ದರಿಂದ ಅರಮನೆ ಉದ್ಯಾನಗಳ ಹೊಣೆ ಹೊತ್ತ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು: ಕಾರಂಜಿಗೆ ಕೈ ಹಾಕುವ ಮುನ್ನ ನೀರು ಬರುತ್ತಿದ್ದ ದಾರಿಯನ್ನು ಮೂಲದಿಂದ ಮೂತಿಯವರೆಗೆ ಅಳೆದು ನಕ್ಷೆಯಲ್ಲಿ ಗುರುತಿಸಿ, ಗೋಡೆಯಾಚೆಗಿನ ತೊಟ್ಟಿ, ಕಾಲುವೆಗಳನ್ನೂ ಸಂರಕ್ಷಿತ ಪ್ರದೇಶಕ್ಕೆ ಸೇರಿಸಲಿ. ಕಾರಂಜಿ ಚಿಮ್ಮುವ ವೇಳೆಯನ್ನು ಟಿಕೆಟ್ ಕೊಡುವಲ್ಲಿಯೇ ಬರೆದು ಹಾಕಲಿ. ಸಾಧ್ಯವಿದ್ದಲ್ಲಿ ತೊಟ್ಟಿಯ ಬಳಿಗೆ ಹೋಗುವ ಮೆಟ್ಟಿಲುಗಳ ಬೀಗವನ್ನೂ ತೆಗೆಯಲಿ. ಕಾರಂಜಿ ನಿಂತ ಹೊತ್ತಿನಲ್ಲಿ ಬಂದವರಿಗೆ ನೋಡಲು ಅಲ್ಲಿ ಬೇಕಾದಷ್ಟಿದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ