ಮಣ್ಣಿನ ನುಸಿ ಹುಡುಕುವವರ ಗಮನಕ್ಕೆ

ಗೆಳೆಯರೇ, ‘ಹೊಸ ಪ್ರಭೇದ ಸಿಕ್ಕಿತು’ ಅಂತ ಗುಂಪಿಗೆ ದಿನಾ ಫೋಟೋ ಬರುತ್ತಿವೆ. ಖುಷಿಯೇ, ಆದರೆ ಸ್ವಲ್ಪ ತಡೆಯಿರಿ. ಮಣ್ಣಿನ ನುಸಿಗಳು, ಅಂದರೆ ಮೈಟ್‌ಗಳು, ಹೆಚ್ಚಿನವು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಮೊಬೈಲ್ ಫೋಟೋ ನೋಡಿ ಹೊಸದೋ ಹಳೆಯದೋ ಹೇಳಲು ಆಗುವುದಿಲ್ಲ.

ಮೊದಲು ಬೆರ್ಲೀಸ್ ಫನಲ್, ಅಂದರೆ ಮಣ್ಣಿನಿಂದ ನುಸಿಗಳನ್ನು ಬೇರ್ಪಡಿಸುವ ಆಲಿಕೆ, ಮಾಡಿಕೊಳ್ಳಿ, ಸುಲಭ. ಜರಡಿಯ ಮೇಲೆ ಎಲೆಗೊಬ್ಬರದ ಮಣ್ಣು, ಮೇಲೊಂದು ಬಲ್ಬ್, ಕೆಳಗೆ ಆಲ್ಕೋಹಾಲ್ ಇರುವ ಸೀಸೆ. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ನುಸಿಗಳು ತೇವ ಹುಡುಕಿಕೊಂಡು ಕೆಳಗಿಳಿದು ಸೀಸೆಗೆ ಬೀಳುತ್ತವೆ. ಆತುರಕ್ಕೆ ದೊಡ್ಡ ಬಲ್ಬ್ ಹಾಕಬೇಡಿ, ಪಾಪ, ಅಲ್ಲೇ ಒಣಗಿ ಸಾಯುತ್ತವೆ.

ನಿಜವಾದ ತಲೆನೋವು ಆಮೇಲೆ. ಗಟ್ಟಿ ಚಿಪ್ಪಿನ ಒರಿಬ್ಯಾಟಿಡ್ ನುಸಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಪಾರದರ್ಶಕ ಮಾಡಬೇಕು, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಮೈಮೇಲಿನ ಒಂದೊಂದು ರೋಮ ಎಲ್ಲಿದೆ, ಎಷ್ಟುದ್ದ ಇದೆ ಅಂತ ನೋಡಿ ಚಿತ್ರ ಬಿಡಿಸಬೇಕು. ಒರಿಬ್ಯಾಟಿಡ್ ನುಸಿಗಳಲ್ಲೇ 10,000ಕ್ಕೂ ಜಾಸ್ತಿ ಪ್ರಭೇದಗಳಿಗೆ ಆಗಲೇ ಹೆಸರಿದೆ. ಹತ್ತಿರದ ಪ್ರಭೇದಗಳ ಹಳೆಯ ವಿವರಣೆಗಳನ್ನೆಲ್ಲ ಹೋಲಿಸದೆ ‘ಹೊಸದು’ ಅನ್ನುವುದು ಸುಮ್ನೆ ಮಾತು, ಅಲ್ವಾ? ಇನ್ನೊಂದು ಗೊಂದಲ: ಮರಿಗಳು ಎಷ್ಟೋ ಸಲ ದೊಡ್ಡವಕ್ಕಿಂತ ಪೂರ್ತಿ ಬೇರೆಯಾಗಿ ಕಾಣುತ್ತವೆ. ನಾನೂ ಒಮ್ಮೆ ಹೀಗೇ ಮೋಸಹೋದೆ.

ಹೆಸರಿಡುವಾಗ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಮಾದರಿ, ಅಂತ ಗುರುತಿಸಿ ವಸ್ತುಸಂಗ್ರಹಾಲಯಕ್ಕೆ ಕೊಡಬೇಕು. ಅದಕ್ಕೇ ಸೀಸೆಯೊಳಗೆ ಜಾಗ, ದಿನಾಂಕ, ಎಂಥ ಮಣ್ಣು ಅಂತ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಚೀಟಿ ಇಲ್ಲದ ಸೀಸೆ ದಯವಿಟ್ಟು ಕಳಿಸಬೇಡಿ.