ವಿಮಾನ ಕಟ್ಟಿದವರಿಗೂ ಒಂದು ಬ್ಯಾಡ್ಜ್ ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 16 ಬಂತು ಅಂದ್ರೆ ವಿಜಯ ದಿವಸದ ಸುದ್ದಿ ಎಲ್ಲಾ ಪೇಪರ್‌ಗಳಲ್ಲೂ ಬರುತ್ತೆ, ಯೋಧರ ಫೋಟೋ, ಹುತಾತ್ಮರ ಮನೆಯವರ ಮಾತು ಎಲ್ಲಾ ಇರುತ್ತೆ, ಇರಲೇಬೇಕು. ಆದ್ರೆ 1971ರ ಯುದ್ಧದ ಮಾತು ಬಂದಾಗ ಬೆಂಗಳೂರಿನ ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಕಾರ್ಮಿಕರನ್ನ ನೆನೆಸಿಕೊಳ್ಳೋರು ತುಂಬಾ ಕಮ್ಮಿ, ಅದಕ್ಕೇ ಈ ಪತ್ರ.

ಆಗಿನ ಪೂರ್ವ ಪಾಕಿಸ್ತಾನದ ಗಡಿಯ ಬೋಯ್ರಾದಲ್ಲಿ ನವೆಂಬರ್ 22ಕ್ಕೆ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನ ಹೊಡೆದು ಕೆಡವಿದ್ದು ನ್ಯಾಟ್ ಅನ್ನೋ ಪುಟ್ಟ ಯುದ್ಧವಿಮಾನ. ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ಬಾಂಬ್ ಬೀಳ್ತಿರುವಾಗಲೇ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಮೇಲಕ್ಕೆ ಹಾರಿದ್ದೂ ನ್ಯಾಟ್‌ನಲ್ಲೇ, ವಾಯುಪಡೆಗೆ ಬಂದಿರೋ ಒಂದೇ ಒಂದು ಪರಮವೀರ ಚಕ್ರ ಅವರದು. ಆ ನ್ಯಾಟ್‌ಗಳನ್ನ ಲೈಸೆನ್ಸ್ ತಗೊಂಡು ತಯಾರು ಮಾಡ್ತಿದ್ದದ್ದು ನಮ್ಮ ಎಚ್‌ಎಎಲ್, ಅದರ ಆರ್ಫಿಯಸ್ ಎಂಜಿನ್ ಕೂಡ ಇಲ್ಲೇ ಆಗ್ತಿತ್ತು. ರಾಜಸ್ಥಾನದ ಗಡಿಯಲ್ಲಿ ದಾಳಿ ಮಾಡಿದ ಮಾರುತ್ ಯುದ್ಧವಿಮಾನ ಅಂತೂ ಡಿಸೈನ್‌ನಿಂದ ಹಿಡಿದು ಬೆಂಗಳೂರಿನದೇ ಕೂಸು, ಜರ್ಮನಿಯ ವಿಮಾನ ಡಿಸೈನರ್ ಕುರ್ಟ್ ಟ್ಯಾಂಕ್ ಅವರ ಜೊತೆ ನಮ್ಮ ಎಂಜಿನಿಯರ್‌ಗಳು ಸೇರಿ ಮಾಡಿದ್ದು, 1961ರ ಜೂನ್ 17ಕ್ಕೆ ಮೊದಲು ಹಾರಿದ್ದು. ಫಿಟ್ಟರ್, ಟರ್ನರ್, ವೆಲ್ಡರ್, ರಿವೆಟ್ ಹೊಡೆಯೋರು, ಇನ್‌ಸ್ಪೆಕ್ಷನ್‌ನವರು, ಇವರಲ್ಲಿ ಒಬ್ಬರು ಒಂದು ಕಡೆ ಎಡವಿದ್ರೂ ಮೇಲೆ ಹಾರ್ತಿದ್ದ ಪೈಲಟ್ ಜೀವಕ್ಕೇ ಕುತ್ತು.

ಸಂಬಳ ತಗೊಂಡು ಕೆಲಸ ಮಾಡಿದ್ರಲ್ಲ, ಅದಕ್ಯಾಕೆ ಗೌರವ ಅಂತ ಕೆಲವರು ಕೇಳ್ತಾರೆ. ಸೈನಿಕರೂ ಸಂಬಳ ತಗೋತಾರೆ ಸ್ವಾಮಿ, ಅದರಿಂದ ಅವರ ಸೇವೆ ಏನಾದ್ರೂ ಸಣ್ಣದಾಗುತ್ತಾ? ಗುಂಡಿಗೆ ಎದೆ ಕೊಟ್ಟವರಿಗೆ ಇವರು ಸಮ ಅಂತ ನಾನು ಹೇಳ್ತಿಲ್ಲ, ಇವರೂ ಅದನ್ನ ಒಪ್ಪಲ್ಲ. ಆದ್ರೆ ಇವರದೂ ಯುದ್ಧಸೇವೆಯೇ ಅಂತ ಸರ್ಕಾರ ಒಂದು ಕಾಗದದಲ್ಲಾದ್ರೂ ಬರೆದುಕೊಡಬೇಕು.

ಬೇರೆ ದೇಶಗಳಲ್ಲಿ ಇದು ಆಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸುಮಾರು 48,000 ಹುಡುಗರನ್ನ ಸೇನೆಗೆ ಕಳಿಸೋ ಬದಲು ಕಲ್ಲಿದ್ದಲು ಗಣಿಗೆ ಇಳಿಸಿತು, ಬೆವಿನ್ ಬಾಯ್ಸ್ ಅಂತ ಕರೀತಿದ್ರು, ಯೂನಿಫಾರ್ಮ್ ಇಲ್ಲದ್ದಕ್ಕೆ ರಸ್ತೆಯಲ್ಲಿ ಜನ ಹೇಡಿಗಳು ಅಂತ ಬೈದದ್ದೂ ಉಂಟು. ಅವರಿಗೆ, ಹೊಲಗದ್ದೆಗಳಲ್ಲಿ ದುಡಿದ ಲ್ಯಾಂಡ್ ಆರ್ಮಿಯ ಹೆಣ್ಣುಮಕ್ಕಳಿಗೆ ಅಲ್ಲಿನ ಸರ್ಕಾರ ಬ್ಯಾಡ್ಜ್ ಕೊಟ್ಟಿದ್ದು 2008ರಲ್ಲಿ, ಅಷ್ಟೊತ್ತಿಗೆ ಎಷ್ಟೋ ಜನ ತೀರಿಕೊಂಡಿದ್ರು. ನಮ್ಮಲ್ಲೇ ನೋಡಿ, 1971ರಲ್ಲಿ ಬಾಂಬ್ ಬಿದ್ದು ಹಾಳಾದ ಗುಜರಾತಿನ ಭುಜ್ ರನ್‌ವೇ ರಿಪೇರಿ ಮಾಡಿಕೊಟ್ಟ ಮಾಧಾಪರದ ಸುಮಾರು 300 ಹೆಂಗಸರಿಗೆ ಅವರ ಊರಲ್ಲೇ ಸ್ಮಾರಕ ಇದೆ, ನೋಡಿದ್ರೆ ಖುಷಿಯಾಗುತ್ತೆ. ಬೆಂಗಳೂರಿನ ಕಾರ್ಮಿಕರಿಗೆ ಯಾಕಾಗಬಾರದು?

1971ರಲ್ಲಿ ಇಪ್ಪತ್ತರ ಹುಡುಗರಾಗಿ ಟ್ರೈನಿಂಗ್ ಮುಗಿಸಿ ಎಚ್‌ಎಎಲ್ ಶಾಪ್‌ಗೆ, ಅಂದ್ರೆ ಕಾರ್ಖಾನೆ ವಿಭಾಗಕ್ಕೆ, ಸೇರಿದವರೇ ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ, ಅವರಿಗಿಂತ ಸೀನಿಯರ್ ಆಗಿದ್ದವರ ಮಾತಂತೂ ಬಿಡಿ. ವಿಮಾನಪುರ, ಮಾರತ್ತಹಳ್ಳಿ ಕಡೆ ಪಾರ್ಕ್‌ಗಳಲ್ಲಿ ಬೆಳಿಗ್ಗೆ ವಾಕಿಂಗ್ ಬರೋ ಹಿರಿಯರನ್ನ ಮಾತಾಡಿಸಿ ನೋಡಿ, ಯಾವ ಶಾಪ್, ಯಾವ ಶಿಫ್ಟ್, ಟೋಕನ್ ನಂಬರ್ ಎಷ್ಟು ಅಂತ ಈಗಲೂ ಹೇಳ್ತಾರೆ. ದುಡ್ಡು ಯಾರೂ ಕೇಳ್ತಿಲ್ಲ. ರಕ್ಷಣಾ ಸಚಿವಾಲಯ ಒಂದು ಬ್ಯಾಡ್ಜು, ಒಂದು ಪ್ರಮಾಣಪತ್ರ ಮಾಡಿಸಲಿ, ಸರ್ವಿಸ್ ರೆಕಾರ್ಡ್, ಪಿಎಫ್ ಪುಸ್ತಕ ನೋಡಿ ಪಟ್ಟಿ ಮಾಡಲಿ, ಅರ್ಜಿ ಹಿಡ್ಕೊಂಡು ವಯಸ್ಸಾದವರನ್ನ ಆಫೀಸಿಂದ ಆಫೀಸಿಗೆ ಅಲೆಸೋದು ಬೇಡ. ತೀರಿಕೊಂಡವರ ಹೆಸರನ್ನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಗೋಡೆ ಮೇಲೆ ಕೆತ್ತಿಸಲಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ, 1943ರಿಂದ, ಅಮೆರಿಕದ ಸೇನೆಯ ಕೈಕೆಳಗೆ ಇಲ್ಲಿ ಯುದ್ಧವಿಮಾನ ರಿಪೇರಿ ಮಾಡ್ತಿದ್ದ ನಮ್ಮ ಜನರ ಹೆಸರು ಸಿಕ್ಕಿದ್ರೆ ಅವರದ್ದೂ ಸೇರಿಸಲಿ. ನಮ್ಮ ಸಂಸದರು ಇದನ್ನ ಮುಂದಿನ ಅಧಿವೇಶನದಲ್ಲೇ ಎತ್ತಬೇಕು ಅಂತ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ತೀನಿ.

ಇಂತಿ,
ನಿಮ್ಮ ಓದುಗ,
ವಿಮಾನಪುರ, ಬೆಂಗಳೂರು